ಗಡ್ಡೆಹೂಗಳ ಸೀಮೆ
ಬೆಂಗಳೂರು ಸೀಮೆಯ ಪುಷ್ಪ ಪ್ರದರ್ಶನಗಳಿಗೆ ನೆಲೆ ಒದಗಿಸಿದ್ದು ಲಾಲ್‌ಬಾಗ್‌ನ ಗಾಜಿನ ಮನೆ. ಉದ್ಯಾನದ ಅಂದಿನ ಮೇಲ್ವಿಚಾರಕ ಜಾನ್ ಕ್ಯಾಮರಾನ್ ಅದರ ಕಲ್ಪನೆ ಕೊಟ್ಟರು, 1889ರಲ್ಲಿ ಶಂಕುಸ್ಥಾಪನೆಯಾಯಿತು. 1908ರಲ್ಲಿ ಬಂದ ಜರ್ಮನ್ ತೋಟಗಾರ ಕೃಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಇಂಗ್ಲೆಂಡಿನ ವಸಂತ ಪ್ರದರ್ಶನಗಳ ತಾರೆಯಾದ ಡ್ಯಾಫೋಡಿಲ್ ಮಾತ್ರ ಇಲ್ಲಿ ಬೇರೂರಲಿಲ್ಲ. ಆ ಗಡ್ಡೆ ಹೂ ಬಿಡಲು ಮೂರು ತಿಂಗಳಿಗೂ ಮಿಕ್ಕಿದ ಗಟ್ಟಿ ಚಳಿ ಬೇಕು. ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಅಂಥ ಚಳಿ ಬೀಳುವುದಿಲ್ಲ.

ಆ ಸ್ಥಾನ ತುಂಬಿದ್ದು ಮೆಕ್ಸಿಕೊ ಮೂಲದ ಸುಗಂಧರಾಜ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಕೆಂಪು ಮಣ್ಣಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದೇ ಸುತ್ತು ಎಸಳಿನ ಹೂವನ್ನು ನಸುಕಿನಲ್ಲೇ ಬಿಡಿಸಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ, ಅದು ಹಾರಕ್ಕೆ ಹೋಗುತ್ತದೆ. ಎಸಳು ಇಮ್ಮಡಿಯಾದ ಹೂವನ್ನು ಕಡ್ಡಿ ಸಮೇತ ಕತ್ತರಿಸುತ್ತಾರೆ, ಅದು ಹೂದಾನಿಗೆ ಸೇರುತ್ತದೆ. ಪ್ರದರ್ಶನದ ತೀರ್ಪುಗಾರರು ನೋಡುವುದು ಈ ಎರಡನೆಯ ಬಗೆಯ ನೀಳ ಕಡ್ಡಿ, ಒತ್ತಾದ ಮೊಗ್ಗುಗಳನ್ನು.

1967ರಲ್ಲಿ ಸ್ಥಾಪನೆಯಾಗಿ ಹೆಸರಘಟ್ಟದಲ್ಲಿ ನೆಲೆಗೊಂಡ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಬೇಸಾಯಕ್ಕೆ ದೊಡ್ಡ ಬಲ ತಂದಿತು. ಮಾರುಕಟ್ಟೆಯ ಎರಡೂ ಬೇಡಿಕೆಗಳಿಗೆ ಪ್ರತ್ಯೇಕವಾಗಿ ದುಡಿದದ್ದು ಅದರ ಹೆಗ್ಗಳಿಕೆ: ಬಿಡಿಹೂವಿಗೆ ‘ಶೃಂಗಾರ್’, ‘ಪ್ರಜ್ವಲ್’, ಕಡ್ಡಿಹೂವಿಗೆ ‘ಸುವಾಸಿನಿ’, ‘ವೈಭವ್’. ಅದೇ ಸಂಸ್ಥೆ ಗ್ಲ್ಯಾಡಿಯೋಲಸ್‌ನಲ್ಲೂ ‘ಆರತಿ’, ‘ಪೂನಂ’, ‘ಸಪ್ನಾ’ ಮೊದಲಾದ ತಳಿಗಳನ್ನು ಕೊಟ್ಟಿತು.

ಸುಗಂಧರಾಜ ಬೆಳೆಯುವ ಈ ತಾಲ್ಲೂಕುಗಳನ್ನು ಒಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಪ್ರತ್ಯೇಕವಾಯಿತು. 1990ರ ದಶಕದಿಂದ ಅಲ್ಲಿಗೆ ಪಾಲಿಹೌಸ್‌ಗಳು ಬಂದು ಗುಲಾಬಿ, ಜರ್ಬೆರಾ ಬೆಳೆ ಹಬ್ಬಿತು. ಲಾಲ್‌ಬಾಗ್ ಪ್ರದರ್ಶನ ಇಂದಿಗೂ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ವೇಳೆಗೆ ನಡೆಯುತ್ತದೆ.