ರಂಗೂನಿಗೆ ಪಾಸ್‌ಪೋರ್ಟ್ ಬೇಕಾದಾಗ

ಚೆನ್ನೈನ ಬೀಚ್ ಸ್ಟೇಷನ್ ಬಳಿ ಬರ್ಮಾ ಬಜಾರ್ ಇದೆ. ಚಾರ್ಜರ್, ಇಯರ್‌ಫೋನ್ ಕೊಳ್ಳಲು ಹೋಗುವ ನಮ್ಮಲ್ಲಿ ಹೆಚ್ಚಿನವರು ಆ ಹೆಸರು ಯಾಕೆಂದು ಕೇಳುವುದಿಲ್ಲ. 1960ರ ದಶಕದಲ್ಲಿ ಬರ್ಮಾದಿಂದ ಹೆಚ್ಚುಕಡಿಮೆ ಬರಿಗೈಯಲ್ಲಿ ಮರಳಿದ ತಮಿಳರು ಬದುಕು ಕಟ್ಟಿಕೊಂಡ ಜಾಗ ಅದು. ಅವರಲ್ಲಿ ಅನೇಕರ ಹಿರಿಯರು ಹೊರಟಾಗ ವಿದೇಶಕ್ಕೆ ಹೊರಟಿರಲಿಲ್ಲ. ಒಂದೇ ಆಡಳಿತದ ಇನ್ನೊಂದು ಪ್ರಾಂತ್ಯಕ್ಕೆ ಹೊರಟಿದ್ದರು.

ಬ್ರಿಟಿಷರು ಬರ್ಮಾವನ್ನು ಮೂರು ಯುದ್ಧಗಳಲ್ಲಿ ಗೆದ್ದು, 1886ರಲ್ಲಿ ಇಡೀ ದೇಶವನ್ನು ಭಾರತಕ್ಕೆ ಸೇರಿಸಿದರು. ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ಹಡಗು ಹತ್ತಿದರೆ ಸಾಕು, ರಂಗೂನು. ತೆಲುಗು ಕೂಲಿಗಳು ಬಂದರಿನಲ್ಲಿ ಮೂಟೆ ಹೊತ್ತರು, ಚೆಟ್ಟಿಯಾರರು ಗದ್ದೆಗಳ ಮೇಲೆ ಸಾಲ ಕೊಟ್ಟರು, ಕಾದಂಬರಿಕಾರ ಶರತ್‌ಚಂದ್ರರು ಗುಮಾಸ್ತಿಕೆ ಮಾಡಿದರು. 1931ರ ಹೊತ್ತಿಗೆ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು.

ಬರ್ಮೀಯರ ಸಿಟ್ಟಿಗೂ ಕಾರಣವಿತ್ತು. ಆರ್ಥಿಕ ಕುಸಿತದಲ್ಲಿ ಅಕ್ಕಿಯ ಬೆಲೆ ಬಿದ್ದು, ಕೆಳ ಬರ್ಮಾದ ಭತ್ತದ ಗದ್ದೆಗಳಲ್ಲಿ ಸುಮಾರು ಕಾಲುಭಾಗ ಚೆಟ್ಟಿಯಾರರ ಕೈಸೇರಿತು. ಆದರೂ 1932ರ ಚುನಾವಣೆಯಲ್ಲಿ ಗೆದ್ದವರು ಪ್ರತ್ಯೇಕತೆಯ ವಿರೋಧಿಗಳೇ. ಬೇರೆಯಾದರೆ ಭಾರತಕ್ಕೆ ಸಿಗುವಷ್ಟು ಸ್ವಾಯತ್ತತೆ ತಮಗೆ ಸಿಗದೆಂಬ ಭಯ ಅವರದು. ಲಂಡನ್ ಕೇಳಲಿಲ್ಲ. 1937ರ ಏಪ್ರಿಲ್ 1ರಂದು ಬರ್ಮಾ ಬೇರೆಯಾಯಿತು.

ಮರುದಿನ ಏನೂ ಬದಲಾಗಲಿಲ್ಲ. ಮೂರು ವರ್ಷ ವಲಸೆಗೆ ತಡೆ ಹಾಕುವಂತಿಲ್ಲ ಎಂಬ ವ್ಯವಸ್ಥೆ ಇತ್ತು. ಗಡಿ ಇತ್ತು, ಕಾವಲು ಇರಲಿಲ್ಲ. 1938ರ ಗಲಭೆಗಳ ನಂತರ ಬ್ಯಾಕ್ಸ್‌ಟರ್ ವಿಚಾರಣೆ ನಡೆಯಿತು. ಭಾರತೀಯ ಕಾರ್ಮಿಕರು ಬರ್ಮೀಯರ ಕೆಲಸ ಕಿತ್ತುಕೊಂಡದ್ದಕ್ಕಿಂತ, ಆಳು ಸಾಲದ ಕಡೆ ದುಡಿದದ್ದೇ ಹೆಚ್ಚು ಎಂಬ ಅಭಿಪ್ರಾಯ ಅದರದು. ಆದರೂ 1941ರ ಒಪ್ಪಂದ ಪಾಸ್‌ಪೋರ್ಟ್, ವೀಸಾ, ವಲಸೆ ಪರವಾನಗಿಗಳನ್ನು ತಂದಿತು. ಗಾಂಧೀಜಿ ಖಂಡಿಸಿದರು. ಅದು ಬೇರೂರುವ ಮೊದಲೇ ಜಪಾನ್ ದಾಳಿ ಮಾಡಿತು. ಲಕ್ಷಾಂತರ ಭಾರತೀಯರು ಕಾಡುಮೇಡು ದಾಟಿ ನಡೆದು ಬಂದರು, ದಾರಿಯಲ್ಲೇ ಸತ್ತವರು ಸಾವಿರಾರು.

ಉಳಿದವರಿಗೆ 1948ರ ಸ್ವಾತಂತ್ರ್ಯದ ನಂತರ ಪೌರತ್ವದ ಪ್ರಶ್ನೆ ಎದುರಾಯಿತು. 1962ರಲ್ಲಿ ನೆ ವಿನ್ ಅಧಿಕಾರ ಹಿಡಿದ ಮೇಲೆ ಅಂಗಡಿಗಳು ರಾಷ್ಟ್ರೀಕರಣವಾದವು, 1964ರಲ್ಲಿ ದೊಡ್ಡ ನೋಟುಗಳು ರದ್ದಾದವು. ಬರ್ಮಾ ಬಜಾರಿನ ಕಥೆ ಶುರುವಾಗುವುದು ಅಲ್ಲಿಂದ.

ಒಕ್ಕೂಟ ಬಿಡುವ ಮಾತು ಬಂದಾಗ ಚರ್ಚೆಯೆಲ್ಲ ಮುಂದೆ ಬರುವವರನ್ನು ತಡೆಯುವ ಬಗ್ಗೆ. ಮೊದಲೇ ಬಂದು ನೆಲೆಸಿದವರ ಲೆಕ್ಕ ಕೊನೆಗೆ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಾಗಲೂ ಅಲ್ಲಿ ವರ್ಷಗಟ್ಟಲೆ ದುಡಿದ ಪೋಲೆಂಡ್, ರುಮೇನಿಯಾದವರು ಅಲ್ಲೇ ಉಳಿಯಲು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಾಯಿತು. ಬೆಂಗಳೂರಿನಿಂದ ಚೆನ್ನೈಗೆ ಬರೀ ರೈಲು ಟಿಕೆಟ್ ಹಿಡಿದು ಬಂದವರು ನಾವು. ರಂಗೂನಿನ ಹಡಗು ಹತ್ತಿದವರ ಕೈಯಲ್ಲಿದ್ದದ್ದೂ ಅಷ್ಟೇ.