‘ಲಿಂಗ’ ಎಂಬ ಕಾಲಂ: ಬರೆಯುವ ಪೆನ್ನು ಯಾರ ಕೈಯಲ್ಲಿತ್ತು?

ರೇಷನ್ ಕಾರ್ಡಿನ ಅರ್ಜಿ ಇರಲಿ, ಶಾಲೆಯ ದಾಖಲಾತಿ ಇರಲಿ, ಹೆಸರಿನ ಕೆಳಗೆ ‘ಲಿಂಗ’ ಎಂಬ ಕಾಲಂ ಇದ್ದೇ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಯೋಚನೆಯೇ ಇಲ್ಲದೆ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಕೆಲವರ ಪೆನ್ನು ಮಾತ್ರ ಅಲ್ಲೇ ನಿಲ್ಲುತ್ತದೆ. ಈ ಕಾಲಂನ ಹಿಂದೆ ಒಂದೂವರೆ ಶತಮಾನದ ಜಗಳ ಇದೆ.

ಮೊದಲು ಎರಡು ಮಾತನ್ನು ಬಿಡಿಸಿಕೊಳ್ಳೋಣ. ಮಗು ಹುಟ್ಟಿದಾಗ ದೇಹ ನೋಡಿ ಸೂಲಗಿತ್ತಿಯೋ ಡಾಕ್ಟರೋ ಹೇಳುವುದು ಜೈವಿಕ ಲಿಂಗ. ಬೆಳೆಯುತ್ತಾ ಆ ವ್ಯಕ್ತಿ ತನ್ನನ್ನು ತಾನು ಗಂಡು, ಹೆಣ್ಣು ಅಥವಾ ಎರಡೂ ಅಲ್ಲ ಎಂದು ಅರಿಯುವುದು ಲಿಂಗತ್ವ. ಬಹುಪಾಲು ಜನರಲ್ಲಿ ಇವೆರಡೂ ಒಂದೇ ಆಗಿರುವುದರಿಂದ ಪ್ರಶ್ನೆ ಏಳುವುದಿಲ್ಲ. ಕೆಲವರಲ್ಲಿ ಎರಡೂ ಬೇರೆಬೇರೆ. ಇನ್ನು ಕೆಲವು ಮಕ್ಕಳ ದೇಹವೇ ಹುಟ್ಟುವಾಗ ಪೂರ್ತಿ ಗಂಡೂ ಅಲ್ಲ, ಪೂರ್ತಿ ಹೆಣ್ಣೂ ಅಲ್ಲ ಎಂಬಂತಿರುತ್ತದೆ.

ನಮ್ಮ ಉತ್ತರ ಕರ್ನಾಟಕದ ಊರುಗಳಿಗೆ ಇದು ಹೊಸ ಸುದ್ದಿಯಲ್ಲ. ಸವದತ್ತಿ ಎಲ್ಲಮ್ಮನ, ಹುಲಿಗೆಮ್ಮನ ಜೋಗಪ್ಪಂದಿರನ್ನು ಕಾಣದ ಊರು ಕಡಿಮೆ. ಗಂಡಾಗಿ ಹುಟ್ಟಿ, ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಚೌಡಿಕೆ ಹಿಡಿದು ಬಾಗಿಲಿಗೆ ಬಂದವರಿಗೆ ನಮ್ಮ ಹಿರಿಯರು ಕಾಳು ನೀಡಿ ಕೈಮುಗಿದಿದ್ದಾರೆ. ಹಾಗೆ ಕೈಮುಗಿದವರೇ ಸ್ವಂತ ಮಗ ಸೀರೆ ಉಟ್ಟರೆ ಹೊಡೆದು ಹೊರಗೆ ಹಾಕಿದ್ದೂ ಇದೆ. ಹಾಗಾಗಿ ಹಿಂದಿನ ಕಾಲ ಚಿನ್ನದಂತಿತ್ತು ಎಂದು ನಾವು ಹೇಳುವುದಿಲ್ಲ. ಆದರೆ ‘ನೀನು ಏನು ಎಂಬುದಕ್ಕೆ ಪುರಾವೆ ತೋರಿಸು’ ಎಂದು ಊರು ಕೇಳುತ್ತಿರಲಿಲ್ಲ. ಪುರಾವೆ ಕೇಳಲು ಶುರು ಮಾಡಿದ್ದು ಸರ್ಕಾರ.

ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿ ಎಂಬ ಪಟ್ಟ ಕಟ್ಟಿದ ಕಾಯ್ದೆ ಅದು. ಅದರ ಎರಡನೇ ಭಾಗ ಹಿಜ್ರಾಗಳನ್ನು ಗುರಿಯಾಗಿಸಿತ್ತು. ‘ಯೂನಕ್’ ಎಂಬ ಪದ ಬಳಸಿ, ತಾನೇ ಒಪ್ಪಿಕೊಂಡ ಅಥವಾ ವೈದ್ಯರ ತಪಾಸಣೆಯಲ್ಲಿ ಸ್ಪಷ್ಟವಾಗಿ ಕಂಡುಬಂದ, ಪುರುಷತ್ವ ಇಲ್ಲದ ಗಂಡಸು ಎಂದು ಅದು ವ್ಯಾಖ್ಯೆ ಮಾಡಿತು. ಮಕ್ಕಳನ್ನು ಕದಿಯುತ್ತಾರೆ ಎಂಬಂಥ ಅನುಮಾನ ಇದ್ದರೆ ಸಾಕು, ಅವರ ಹೆಸರು, ವಾಸಸ್ಥಳ, ಆಸ್ತಿ ಎಲ್ಲವೂ ಸರ್ಕಾರದ ರಿಜಿಸ್ಟರಿಗೆ ಸೇರುತ್ತಿತ್ತು. ಹಾಗೆ ಹೆಸರು ಸೇರಿದವರು ಬೀದಿಯಲ್ಲಿ ಹೆಣ್ಣಿನ ಉಡುಗೆ ತೊಟ್ಟರೆ, ಕುಣಿದರೆ ಎರಡು ವರ್ಷದವರೆಗೆ ಜೈಲು. ಮಗುವನ್ನು ದತ್ತು ಪಡೆಯುವಂತಿಲ್ಲ, ಆಸ್ತಿಯನ್ನು ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ.

ಈ ಕಾಯ್ದೆ ಮೊದಲು ಜಾರಿಯಾದದ್ದು ಉತ್ತರ ಭಾರತದಲ್ಲಿ. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವೂ ಇಂಥದೇ ಒಂದು ಕಾನೂನು ಮಾಡಿತು. ಆಗ ಬೀದರ್, ಕಲಬುರಗಿ, ರಾಯಚೂರು ಅದೇ ಸಂಸ್ಥಾನಕ್ಕೆ ಸೇರಿದ್ದವು. ತೆಲಂಗಾಣದಲ್ಲಿ ಆ ಕಾನೂನು ಪುಸ್ತಕದಲ್ಲೇ ಉಳಿದುಕೊಂಡು, 2023ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು.

ಪೊಲೀಸರ ನಂತರ ಪೆನ್ನು ಹಿಡಿದವರು ಡಾಕ್ಟರು ಮತ್ತು ಜಡ್ಜುಗಳು. 1970ರಲ್ಲಿ ಲಂಡನ್ನಿನ ಕೋರ್ಟಿನ ಮುಂದೆ ಒಂದು ಮದುವೆಯ ಮೊಕದ್ದಮೆ ಬಂತು. ಮದುಮಗಳು ಏಪ್ರಿಲ್ ಆ್ಯಶ್ಲೇ ಗಂಡಾಗಿ ಹುಟ್ಟಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾಗಿ ಬದುಕುತ್ತಿದ್ದವರು. ತೀರ್ಪು ಕೊಟ್ಟ ನ್ಯಾಯಮೂರ್ತಿ ಆರ್ಮ್‌ರಾಡ್ ಡಾಕ್ಟರಿಕೆಯನ್ನೂ ಓದಿದ್ದರು. ಕ್ರೋಮೋಸೋಮ್, ಒಳಗಿನ ಗ್ರಂಥಿ, ಜನನಾಂಗ ಈ ಮೂರೂ ಹುಟ್ಟಿನಲ್ಲಿ ಹೇಗಿದ್ದವೋ ಮದುವೆಯ ಮಟ್ಟಿಗೆ ಅದೇ ಲೆಕ್ಕ ಎಂದರು. ಮದುವೆ ಅಸಿಂಧುವಾಯಿತು. ಮುಂದೆ ಬಹಳ ವರ್ಷ ಬೇರೆ ದೇಶಗಳ ಕೋರ್ಟುಗಳಲ್ಲೂ ಈ ತೀರ್ಪಿನ ಮಾತು ಬಂತು.

ಈಗ ನಮ್ಮ ರಾಜ್ಯಕ್ಕೆ ಬರೋಣ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಅನುಮಾನ ಇರುವ ‘ಯೂನಕ್’ಗಳ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು ಎಂದು ಅದು ಹೇಳಿತು. 1871ರ ಮಾತೇ 140 ವರ್ಷದ ಮೇಲೆ ಮರಳಿ ಬಂದಿತ್ತು! ಸಮುದಾಯದವರು ಹೈಕೋರ್ಟಿಗೆ ಹೋದರು. ಕೊನೆಗೆ ಆ ಪದ ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಲಾಯಿತು.

ಅದೇ 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಎಂಬ ಆಯ್ಕೆ ಮೊದಲ ಸಲ ಬಂತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಲ್ಲಿ ಲೆಕ್ಕಕ್ಕೆ ಸಿಕ್ಕರು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಈ ಪೆನ್ನನ್ನು ವ್ಯಕ್ತಿಯ ಕೈಗೇ ಕೊಟ್ಟಿತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಲಂಡನ್ನಿನ ಆ ಹಳೆಯ ತೀರ್ಪನ್ನು ಒಪ್ಪಲಿಲ್ಲ. ದೇಹದ ಪರೀಕ್ಷೆಗಿಂತ ಮನಸ್ಸಿನ ಅರಿವು ಮುಖ್ಯ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಾ ಎಂದು ಒತ್ತಾಯಿಸುವಂತಿಲ್ಲ ಎಂದರು.

ಆದರೆ ಕಾನೂನು ಮಾಡುವ ಹೊತ್ತಿಗೆ ಹಗ್ಗಜಗ್ಗಾಟ ಮತ್ತೆ ಶುರುವಾಯಿತು. 2016ರ ಮಸೂದೆ ‘ಪೂರ್ತಿ ಹೆಣ್ಣೂ ಅಲ್ಲ, ಪೂರ್ತಿ ಗಂಡೂ ಅಲ್ಲ’ ಎಂದು ಬರೆದು, ಪರಿಶೀಲನೆಗೆ ಜಿಲ್ಲೆಗೊಂದು ಸಮಿತಿ ಎಂದಿತು. ‘ನಾವೇನು ಸಂತೆಯ ದನವೇ, ಹಲ್ಲು ನೋಡಿ ಆರಿಸಲು?’ ಎಂಬ ಸಿಟ್ಟು ಅದರ ವಿರೋಧದಲ್ಲಿತ್ತು. ಎರಡನ್ನೂ ಕೈಬಿಟ್ಟು 2019ರಲ್ಲಿ ಕಾಯ್ದೆ ಪಾಸಾಯಿತು. ಅದರ ವ್ಯಾಖ್ಯೆಯಲ್ಲಿ ಹಿಜ್ರಾ, ಅರವಾಣಿ ಜೊತೆಗೆ ನಮ್ಮ ಕಡೆಯ ‘ಜೋಗ್ತಾ’ ಎಂಬ ಹೆಸರೂ ಸೇರಿತು. ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರಕ್ಕೆ ಡಿಸಿಗೆ ಅರ್ಜಿ ಹಾಕಬೇಕು. ಗಂಡು ಅಥವಾ ಹೆಣ್ಣು ಎಂದೇ ಬದಲಿಸಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಡಬೇಕು ಎಂದು ಕಾಯ್ದೆ ಹೇಳಿತು. 2014ರ ತೀರ್ಪಿಗೆ ಇದು ಹೊಂದುವುದಿಲ್ಲ ಎಂಬುದು ಸಮುದಾಯದ ದೂರು.

ವಾದ ಎಲ್ಲೂ ಮುಗಿದಿಲ್ಲ. ಅದೇ 2019ರಲ್ಲಿ ಮದ್ರಾಸ್ ಹೈಕೋರ್ಟ್, ಹಿಂದೂ ವಿವಾಹ ಕಾಯ್ದೆಯ ‘ವಧು’ ಎಂಬ ಮಾತಿನಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದಿತು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕ ಲಿಂಗ ಎಂದು ತೀರ್ಪು ಕೊಟ್ಟಿತು. ಟ್ರಾನ್ಸ್ ಜನರಿಗೆ ತಾರತಮ್ಯದ ವಿರುದ್ಧ ಇರುವ ರಕ್ಷಣೆ ಹಾಗೇ ಉಳಿಯುತ್ತದೆ ಎಂದೂ ಅದು ಹೇಳಿತು.

ದೇಹ ಲೆಕ್ಕಕ್ಕೇ ಇಲ್ಲ ಎಂದು ಹೇಳಲಾಗದು. ಗರ್ಭಕೋಶ ಇರುವ ಟ್ರಾನ್ಸ್ ಪುರುಷನಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು. ಡಾಕ್ಟರಿಗೆ ಅದು ಗೊತ್ತಿರಲೇಬೇಕು. ಹೆಣ್ಣುಮಕ್ಕಳ ಓಟದಲ್ಲಿ ಯಾರು ಓಡಬೇಕು, ಹೆಂಗಸರ ವಾರ್ಡಿನಲ್ಲಿ ಯಾರಿರಬೇಕು ಎಂದು ಕೇಳುವ ಹೆಂಗಸರ ಆತಂಕವೂ ಸುಳ್ಳಲ್ಲ. ಆದರೆ ಓಟದ ಮೈದಾನಕ್ಕೆ ಬೇಕಾದ ವ್ಯಾಖ್ಯೆಯನ್ನು ತಂದು ಪಿಂಚಣಿ ಅರ್ಜಿಗೆ ಅಂಟಿಸುವುದು ಯಾಕೆ? ವ್ಯಾಖ್ಯೆ ಯಾವ ಕೆಲಸಕ್ಕೆ ಎಂಬುದನ್ನು ಮೊದಲು ಕೇಳಬೇಕು ಎಂಬುದೇ ಈ ಇತಿಹಾಸ ಓದಿದ ಮೇಲೆ ನಮಗೆ ಅನಿಸಿದ್ದು. 1871ರ ವ್ಯಾಖ್ಯೆ ಹುಟ್ಟಿದ್ದೇ ಜೈಲಿಗೆ ಹಾಕಲು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಾಗಲೂ ಯಾರು ಅರ್ಹರು ಎಂಬ ವ್ಯಾಖ್ಯೆ ಬೇಕಾಯಿತು, ಕೆಲಸ ಕೊಡಲು. ಅದೇ ವರ್ಷ ಜೋಗತಿ ಮಂಜಮ್ಮ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದರು.

ಮುಂದಿನ ಜನಗಣತಿಗೆ ಎಣಿಕೆದಾರರು ಬಾಗಿಲಿಗೆ ಬಂದಾಗ ಉತ್ತರ ಹೇಳುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಹಾಗೆ ನೋಡಿದರೆ ಆ ಪೆನ್ನು ಈಗ ನಿಮ್ಮ ಕೈಯಲ್ಲೂ ಇದೆ. ಮನೆಯಲ್ಲಿ ಅಂಥ ಮಗು ಇದ್ದರೆ, ಉತ್ತರ ಬರೆಸುವ ಮೊದಲು ಒಂದು ಮಾತು ಅದನ್ನೇ ಕೇಳಿ ನೋಡಿ.