ಪದದ ತಲೆ, ಪದದ ಬಾಲ

ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ನನ್ನ ಆಸಕ್ತಿ ಏನೆಂದು ಕೇಳಿದರು. ಕನ್ನಡ ನಿಘಂಟುಗಳ ಚರಿತ್ರೆ ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಒಂದು ದೊಡ್ಡ ಇಂಗ್ಲಿಷ್ ಪದ ಸೇರಿಸಿದರೆ ತೂಕ ಬರುತ್ತದೆಂದು 'ಅದರಲ್ಲೂ ಎಂಟಮಾಲಜಿ ಸರ್' ಎಂದುಬಿಟ್ಟೆ. ಮೇಜಿನ ಆಚೆ ಕೂತವರೊಬ್ಬರು ಕನ್ನಡಕ ತೆಗೆದು, 'ಹುಳ ಹಿಡಿಯುವವರ ವಿಭಾಗ ಆಚೆ ಕಟ್ಟಡದಲ್ಲಿದೆಯಲ್ಲ' ಎಂದರು. ಎಲ್ಲರೂ ನಕ್ಕರು. ನಾನು ಹೇಳಬೇಕಿದ್ದದ್ದು ಎಟಿಮಾಲಜಿ, ಅಂದರೆ ಪದಗಳ ಹುಟ್ಟಿನ ವಿಚಾರ. ಎಂಟಮಾಲಜಿ ಕೀಟಶಾಸ್ತ್ರ.

ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ನಗು ಬಹಳ ದಿನ ಕಿವಿಯಲ್ಲಿತ್ತು. ಮನೆಗೆ ಬಂದು ಎರಡೂ ಪದಗಳನ್ನು ಬಿಡಿಸಿ ನೋಡಿದೆ. ಎರಡರ ಬಾಲವೂ ಒಂದೇ, ಗ್ರೀಕಿನ 'ಲೊಗೊಸ್'ನಿಂದ ಬಂದದ್ದು: ಮಾತು, ವಿಚಾರ. ತಲೆ ಮಾತ್ರ ಬೇರೆ. ಒಂದರಲ್ಲಿರುವುದು 'ಎಟುಮಾನ್', ಪದದ ನಿಜವಾದ ಅರ್ಥ. ಇನ್ನೊಂದರಲ್ಲಿರುವುದು 'ಎಂಟಮಾನ್', ಕತ್ತರಿಸಿದ್ದು. ಕೀಟದ ಮೈ ಕಚ್ಚು ಹಾಕಿದಂತೆ ತುಂಡುತುಂಡಾಗಿ ಕಾಣುವುದರಿಂದ ಆ ಹೆಸರು. ಇಂಗ್ಲಿಷಿನ ಇನ್ಸೆಕ್ಟ್ ಎಂಬುದೂ ಇದೇ ಅರ್ಥದ ಲ್ಯಾಟಿನ್ ಪದ. ಇದನ್ನು ಯಾರಾದರೂ ಹೈಸ್ಕೂಲಿನಲ್ಲೇ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಉದ್ದನೆಯ ಇಂಗ್ಲಿಷ್ ಪದ ಎಂದಾಗ ಎಲ್ಲರೂ ಎತ್ತುವುದು ಆಂಟಿಡಿಸೆಸ್ಟಾಬ್ಲಿಷ್ಮೆಂಟೇರಿಯನಿಸಂ. ರೋಮನ್ ಲಿಪಿಯಲ್ಲಿ 28 ಅಕ್ಷರ. ಇಲ್ಲಿ ಬರೆದಂತೆ ಕನ್ನಡದಲ್ಲಿ ಎಣಿಸಿದರೆ ಬರೀ 12. ಕ್ವಿಜ್‌ಗಳಲ್ಲಿ ಇದು ಬಾಯಿಪಾಠದ ಸರ್ಕಸ್ಸು. ಆದರೆ ಅದರೊಳಗೆ ಒಂದು ಚರಿತ್ರೆಯೇ ಇದೆ. ಇಂಗ್ಲೆಂಡಿನಲ್ಲಿ ಚರ್ಚಿಗೆ ರಾಜ್ಯದ ಮಾನ್ಯತೆ ಇತ್ತು. ಅದನ್ನು ತೆಗೆಯಬೇಕೆಂದು ಕೆಲವರು, ಕೂಡದೆಂದು ಕೆಲವರು. ಗ್ಲ್ಯಾಡ್‌ಸ್ಟನ್ ಪ್ರಧಾನಿಯಾಗಿದ್ದಾಗ 1869ರ ಕಾನೂನು ಐರ್ಲೆಂಡಿನ ಚರ್ಚಿಗಿದ್ದ ಮಾನ್ಯತೆಯನ್ನು ತೆಗೆಯಿತು. 'ಕೂಡದು' ಎಂದವರ ನಿಲುವಿಗೆ ಈ ಹೆಸರು. ಮುಂದಿನಿಂದ ಎರಡು ತುಂಡು, ಹಿಂದಿನಿಂದ ನಾಲ್ಕು ತುಂಡು ಬಿಡಿಸಿದರೆ ನಡುವೆ ಉಳಿಯುವುದು 'ನೆಲೆಗೊಳಿಸು' ಎಂಬ ಸಾಮಾನ್ಯ ಕ್ರಿಯಾಪದ.

ಈ ಬಿಡಿಸುವ ಆಟ ನನ್ನನ್ನು ಬಲ್ಮಠದ ಪುಸ್ತಕಗಳ ಕಡೆ ತಂದಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಭಾಷೆಗಳ ನಿಘಂಟುಗಳು ಹೊರಬಂದವು. 1872ರಲ್ಲಿ ಗುಂಡರ್ಟ್ ಅವರ ಮಲಯಾಳಂ, 1883ರಲ್ಲಿ ಮಾಫೆಯಿ ಅವರ ಕೊಂಕಣಿ, 1886ರಲ್ಲಿ ಮೆನ್ನರ್ ಅವರ ತುಳು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ. ಮಾಫೆಯಿ ಜೆಸ್ವಿಟ್ ಪಾದ್ರಿ. ಪ್ರಾಟೆಸ್ಟಂಟರ ಅಚ್ಚುಕೂಟದಲ್ಲಿ ಕ್ಯಾಥೊಲಿಕ್ ಪಾದ್ರಿಯ ಪುಸ್ತಕ ಅಚ್ಚಾದದ್ದು ನಮ್ಮೂರಿನ ಸ್ವಭಾವಕ್ಕೆ ಒಪ್ಪುವ ಸಂಗತಿ.

ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದವರು. ಸುಮಾರು 70,000 ಪದಗಳ ಅವರ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತದೆ. ಇಂಗ್ಲಿಷ್ ಪದದ ಅರ್ಥ ಬೇಕಾದ ನನ್ನಂಥವರಿಗೆ ಅದು ತಿರುಗುಮುರುಗಾದ ದಾರಿ. ಆದರೂ ಪುಟ ಮಗುಚುತ್ತಿದ್ದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಚ್ಚಗನ್ನಡ ಪದ ಬೆಳೆಯುವುದು ಬಲಕ್ಕೆ. ಬೇರು ಮೊದಲಿಗೇ ಇರುತ್ತದೆ. ಹಾಗಾಗಿ ಅಕಾರಾದಿಯಲ್ಲಿ ನಡತೆ, ನಡವಳಿ, ನಡಿಗೆ, ನಡೆ ಒಂದೇ ಜಗಲಿಯಲ್ಲಿ ಕೂತಿರುತ್ತವೆ. ನಡುವೆ ನಡು, ನಡುಕ, ನಡುಗುಗಳೂ ನುಸುಳುತ್ತವೆ ಅನ್ನಿ, ನೆಂಟರ ಮದುವೆಗೆ ಬಂದ ನೆರೆಯವರ ಹಾಗೆ. ಅದೇ ನಿಘಂಟಿನ ಸಂಸ್ಕೃತ ಪದಗಳನ್ನು ನೋಡಿ: ಅಪಕಾರ, ಉಪಕಾರ, ಪ್ರಕಾರ, ವಿಕಾರ. ಒಂದೇ ಮನೆಯವು, ಆದರೆ ಉಪಸರ್ಗ ತಲೆಗೆ ಅಂಟಿದ್ದರಿಂದ ನಾಲ್ಕು ದಿಕ್ಕಿಗೆ ಚದುರಿವೆ.

ಉದ್ದನೆಯ ಇಂಗ್ಲಿಷ್ ಪದಗಳ ಪಾಡೂ ಇದೇ. ಬಯಾಲಜಿ, ಜಿಯಾಲಜಿ, ಸೈಕಾಲಜಿ ಬೇರೆ ಬೇರೆ ಅಕ್ಷರಗಳ ಕೆಳಗಿವೆ. ಫಿಲಾಂತ್ರಪಿ ಮನುಷ್ಯರ ಮೇಲಿನ ಪ್ರೀತಿ, ಮಿಸಾಂತ್ರಪಿ ಮನುಷ್ಯದ್ವೇಷ, ಆಂತ್ರಪಾಲಜಿ ಮಾನವಶಾಸ್ತ್ರ. ಮೂರರಲ್ಲೂ ಇರುವ 'ಮನುಷ್ಯ'ನನ್ನು ನಿಘಂಟಿನ ಅನುಕ್ರಮ ತೋರಿಸುವುದೇ ಇಲ್ಲ. ಇವನ್ನು ಕನ್ನಡಕ್ಕೆ ತಂದಾಗ ನಾವು ಸಂಸ್ಕೃತದ ಅಚ್ಚಿನಲ್ಲಿ ಜೀವಶಾಸ್ತ್ರ, ಭೂಗರ್ಭಶಾಸ್ತ್ರ, ಮನಶ್ಶಾಸ್ತ್ರ ಎಂದು ಎರಕ ಹೊಯ್ದೆವು. ಬಾಲ ಮತ್ತೆ ಒಂದೇ, ತಲೆಗಳು ಮತ್ತೆ ಚದುರಿದವು. ಒಂದು ಲಾಭ ಮಾತ್ರ ಆಯಿತು. 'ಶಾಸ್ತ್ರ' ಏನೆಂದು ಕನ್ನಡದ ಮಗುವಿಗೆ ಗೊತ್ತು, 'ಲಜಿ' ಏನೆಂದು ಗೊತ್ತಿರಲಿಲ್ಲ. ಗೊತ್ತಿರದ ಆ ಒಂದು ತುಂಡೇ ಸಂದರ್ಶನದಲ್ಲಿ ನನ್ನನ್ನು ಬೀಳಿಸಿದ್ದು.

ಆದ್ದರಿಂದ ನಾನೊಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಉದ್ದನೆಯ ಇಂಗ್ಲಿಷ್ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ ಜೋಡಿಸತೊಡಗಿದೆ. ಕೊಣಾಜೆಯಿಂದ ಸ್ಟೇಟ್‌ಬ್ಯಾಂಕಿಗೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ನಾಲ್ಕೈದು ಪದ. ಕೆಲವು ಮೋಸಗಾರರೂ ಸಿಕ್ಕಿದರು. ಅಪಾಲಜಿ ಯಾವ ಶಾಸ್ತ್ರವೂ ಅಲ್ಲ, ಆದರೆ ಅದರ ಬಾಲವೂ ಅದೇ 'ಲೊಗೊಸ್': ಮೊದಲು ತನ್ನ ಪರವಾಗಿ ಆಡುವ ಮಾತು, ಆಮೇಲೆ ಕ್ಷಮೆ. ವಂಶಾವಳಿಯ ವಿದ್ಯೆಯಾದ ಜೀನಿಯಾಲಜಿಯ ಕಾಗುಣಿತದಲ್ಲಿ ಬಾಲದ ಮುಂದಿನ ಸ್ವರವೇ ಬೇರೆ. ಅದನ್ನು ತಪ್ಪು ಬರೆಯದ ಇಂಗ್ಲಿಷ್ ಎಂ.ಎ.ಗಳನ್ನು ನಾನು ಹೆಚ್ಚು ಕಂಡಿಲ್ಲ.

ಮೊನ್ನೆ ನನ್ನ ಹಳೆಯ ಶತ್ರುಗಳಿಬ್ಬರನ್ನೂ ಆ ಪಟ್ಟಿಗೆ ಸೇರಿಸಿದೆ. ತಲೆಯಿಂದ ಜೋಡಿಸಿದಾಗ ಇವುಗಳ ನಡುವೆ ಹಲವು ಪುಟ ಇರುತ್ತವೆ. ಬಾಲದಿಂದ ಜೋಡಿಸಿದಾಗ ಹತ್ತಿರ ಹತ್ತಿರ ಬಂದವು. ಎಂಟಮಾಲಜಿಗೂ ಎಟಿಮಾಲಜಿಗೂ ನಡುವೆ ಈಗ ನನ್ನ ಪಟ್ಟಿಯಲ್ಲಿರುವುದು ಎರಡೇ ಪದ: ವಿಶ್ವದ ವಿಚಾರವಾದ ಕಾಸ್ಮಾಲಜಿ, ಮತ್ತು ಅದಕ್ಕಿಂತ ಮೊದಲು ಸೈಸ್ಮಾಲಜಿ, ಭೂಕಂಪಶಾಸ್ತ್ರ.